ಮೂರನೆಯ ಮಹಡಿಯಿಂದ ನೆಲಮಹಡಿಗೆ ಪೆಟ್ಟಿಗೆ ಇಳಿಸುವ ಶೂಟ್: ನೇರವೋ, ಸುರುಳಿಯೋ, ಲಂಬವೋ?

ಉಗ್ರಾಣಪಾಲಕ:

ಎಲ್ಲರಿಗೂ ನಮಸ್ಕಾರ. ನಾನು ನೋಡಿಕೊಳ್ಳುವ ಉಗ್ರಾಣದಲ್ಲಿ ಪ್ಯಾಕಿಂಗ್ ಕೆಲಸವೆಲ್ಲ ಮೂರನೆಯ ಮಹಡಿಯಲ್ಲಿ, ರವಾನೆಯೆಲ್ಲ ನೆಲಮಹಡಿಯಲ್ಲಿ ನಡೆಯುತ್ತದೆ. ಇವೆರಡರ ನಡುವಿನ ಎತ್ತರ ಸುಮಾರು 9 ಮೀಟರ್. 1 ಕಿಲೋದಿಂದ 20 ಕಿಲೋವರೆಗಿನ ರಟ್ಟಿನ ಪೆಟ್ಟಿಗೆಗಳನ್ನು ಒಂದೇ ಒಂದು ಸರಕು ಲಿಫ್ಟಿನಲ್ಲಿ ಇಳಿಸುತ್ತಿರುವುದರಿಂದ, ಸಂಜೆಯ ಹೊತ್ತಿಗೆ ಮೇಲೆ ಪೆಟ್ಟಿಗೆಗಳ ರಾಶಿ ಬೆಳೆಯುತ್ತದೆ, ಕೆಳಗೆ ವಾಹನಗಳು ಸುಮ್ಮನೆ ನಿಂತಿರುತ್ತವೆ.

ನಮ್ಮ ಮಾಲೀಕರ ವಾದ ಸರಳವಾಗಿದೆ: ಭೂಮಿ ಕೆಳಗೆ ಎಳೆಯಲು ಕೂಲಿ ಕೇಳುವುದಿಲ್ಲ, ಆದ್ದರಿಂದ ಒಂದು ಶೂಟ್, ಅಂದರೆ ಸರಕು ತಾನಾಗಿ ಕೆಳಗಿಳಿಯುವ ಜಾರುದಾರಿ, ಕೂರಿಸಿ ಪೆಟ್ಟಿಗೆಗಳನ್ನು ಜಾರಬಿಟ್ಟರೆ ಸಾಕು. ನೇರ ಇಳಿಜಾರು ಮಾಡಿಸಬೇಕೋ, ಸುರುಳಿ ಮಾಡಿಸಬೇಕೋ, ಅಥವಾ ಬಹುಮಹಡಿ ವಸತಿ ಕಟ್ಟಡಗಳ ಕಸದ ಕೊಳವೆಯಂತೆ ಲಂಬವಾಗಿ ಒಂದು ಕೊಳವೆ ಇಳಿಬಿಟ್ಟು ತಳದಲ್ಲಿ ಮೆತ್ತೆ ಹಾಕಿದರೆ ನಡೆದೀತೋ ಎಂಬುದನ್ನು ತಿಳಿದವರು ಹೇಳಬೇಕು. ಮೇಲೆ ಉಳಿಯುವ ಹರಕು ರಟ್ಟನ್ನೂ ಅದೇ ದಾರಿಯಲ್ಲಿ ಕೆಳಗೆ ಕಳಿಸುವ ಆಸೆ ನಮಗಿದೆ.

ಲಂಬರೇಖೆ:

ಮಾಲೀಕರು ಹೇಳಿದ್ದರಲ್ಲಿ ಅರ್ಧ ನಿಜ. ಎಳೆಯುವ ಕೆಲಸ ಪುಕ್ಕಟೆ, ನಿಲ್ಲಿಸುವ ಕೆಲಸಕ್ಕೆ ಮಾತ್ರ ಪೂರ್ತಿ ಬೆಲೆ ತೆರಬೇಕು. ಶೂಟಿನ ವಿನ್ಯಾಸವೆಂದರೆ ಬಹುಪಾಲು ಬ್ರೇಕಿನ ವಿನ್ಯಾಸವೇ.

ಲಂಬ ಕೊಳವೆಯ ಆಲೋಚನೆಯನ್ನು ಮೊದಲೇ ಬಿಟ್ಟುಬಿಡಿ. 9 ಮೀಟರ್ ಎತ್ತರದಿಂದ ತಡೆಯಿಲ್ಲದೆ ಬೀಳುವ ವಸ್ತು ತಳ ಮುಟ್ಟುವಾಗ ಸೆಕೆಂಡಿಗೆ ಸುಮಾರು 13 ಮೀಟರ್, ಅಂದರೆ ಗಂಟೆಗೆ ಸುಮಾರು 48 ಕಿಲೋಮೀಟರ್ ವೇಗದಲ್ಲಿರುತ್ತದೆ. ಕಸದ ಚೀಲಕ್ಕೂ ಮಾಸಿದ ಬಟ್ಟೆಯ ಗಂಟಿಗೂ ಅದು ಒಗ್ಗುತ್ತದೆ, ಏಕೆಂದರೆ ಅವು ಒಡೆಯುವ ವಸ್ತುಗಳಲ್ಲ, ಒಡೆದರೂ ಯಾರೂ ಕೇಳುವುದಿಲ್ಲ. ಮಾರಾಟದ ಸರಕಿಗೆ ಅದು ಹೇಳಿಸಿದ್ದಲ್ಲ.

ನೇರ ಇಳಿಜಾರಿನ ತೊಂದರೆ ಬೇರೆ ಬಗೆಯದು. ಒಂದು ವಸ್ತು ತಾನಾಗಿ ಜಾರಬೇಕಾದರೆ ಇಳಿಜಾರಿನ ಕೋನದ ಟ್ಯಾಂಜೆಂಟ್ (ಇಳಿಯುವ ಎತ್ತರವನ್ನು ನೆಲದ ಮೇಲಿನ ಉದ್ದದಿಂದ ಭಾಗಿಸಿದ ಸಂಖ್ಯೆ) ಘರ್ಷಣಾ ಗುಣಾಂಕಕ್ಕಿಂತ (ಎರಡು ಮೇಲ್ಮೈಗಳು ಒಂದನ್ನೊಂದು ಎಷ್ಟು ತಡೆಹಿಡಿಯುತ್ತವೆ ಎಂಬುದರ ಅಳತೆ) ಹೆಚ್ಚಿರಬೇಕು. ಉಕ್ಕಿನ ತಗಡಿನ ಮೇಲೆ ಒಣ ರಟ್ಟಿನ ಗುಣಾಂಕ ಹಲವು ಸಲ 0.3ರಿಂದ 0.4ರ ಆಸುಪಾಸಿನಲ್ಲಿರುವುದರಿಂದ 25 ಡಿಗ್ರಿ ಕೋನ ಸಾಕೆಂದು ತೋರುತ್ತದೆ. 9 ಮೀಟರ್ ಇಳಿಯಲು ಆ ಕೋನದಲ್ಲಿ 21 ಮೀಟರಿಗಿಂತ ತುಸು ಉದ್ದದ ಜಾರು ಬೇಕಾಗುತ್ತದೆ, ನೆಲದ ಅಳತೆಯಲ್ಲಿ ಅದು 19 ಮೀಟರಿಗೂ ಹೆಚ್ಚು ಜಾಗ ನುಂಗುತ್ತದೆ. ಜಾಗ ಇದೆಯೆಂದೇ ಇಟ್ಟುಕೊಳ್ಳೋಣ. ಗುಣಾಂಕ 0.3 ಇರುವ ಪೆಟ್ಟಿಗೆ ತುದಿ ಮುಟ್ಟುವಾಗ ಸೆಕೆಂಡಿಗೆ ಸುಮಾರು 8 ಮೀಟರ್ ವೇಗದಲ್ಲಿರುತ್ತದೆ. 0.4 ಇರುವ ಪೆಟ್ಟಿಗೆ ಸುಮಾರು 5 ಮೀಟರ್ ವೇಗದಲ್ಲಿರುತ್ತದೆ. 0.5 ಇರುವ ಪೆಟ್ಟಿಗೆ ಹೊರಡುವುದೇ ಇಲ್ಲ. ಅಂದರೆ ಒಂದೇ ಜಾರಿನಲ್ಲಿ ಒಂದು ಪೆಟ್ಟಿಗೆ ಗುಂಡಿನಂತೆ ಬರುತ್ತದೆ, ಇನ್ನೊಂದು ನಡುವೆ ಕೂತು ಹಿಂದಿನ ಗುಂಡಿಗಾಗಿ ಕಾಯುತ್ತದೆ. ಒಂದು ಮಹಡಿಯಷ್ಟು ಇಳಿಯುವುದಕ್ಕೆ ನೇರ ಜಾರು ಸರಿ. ಮೂರು ಮಹಡಿಗೆ ಅದನ್ನು ನಾನಂತೂ ಸೂಚಿಸಲಾರೆ.

ಸುರುಳಿಯ ಗುಣ ಇಲ್ಲಿಯೇ ಕಾಣುವುದು. ಪೆಟ್ಟಿಗೆ ತಿರುಗುತ್ತ ಇಳಿಯುವಾಗ ಹೊರಗೋಡೆಗೆ ಒತ್ತಿಕೊಳ್ಳುತ್ತದೆ. ಆ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಗೋಡೆಯ ಘರ್ಷಣೆಯೂ ಅದೇ ಪ್ರಮಾಣದಲ್ಲಿ ಏರುತ್ತದೆ, ಕೊನೆಗೆ ಎಳೆತವೂ ತಡೆಯೂ ಸರಿದೂಗಿ ವೇಗ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಹೊರ ಅಂಚಿನ ತ್ರಿಜ್ಯ 1 ಮೀಟರ್, ಅಲ್ಲಿನ ಕೋನ 25 ಡಿಗ್ರಿ, ಘರ್ಷಣೆ 0.3 ಎಂದು ಹಿಡಿದು ಲೆಕ್ಕ ಹಾಕಿದರೆ ಆ ಮಟ್ಟ ಸೆಕೆಂಡಿಗೆ ಎರಡೂವರೆ ಮೀಟರಿನ ಒಳಗೇ ಬರುತ್ತದೆ. ಒಂದು ಮಹಡಿ ಇಳಿದರೂ ಹತ್ತು ಮಹಡಿ ಇಳಿದರೂ ಅಷ್ಟೇ. ಈ ಅಳತೆಯ ಸುರುಳಿ ಒಂದು ಸುತ್ತಿಗೆ ಸುಮಾರು 2.9 ಮೀಟರ್ ಇಳಿಯುವುದರಿಂದ ನಿಮ್ಮ ಮೂರು ಮಹಡಿಗೆ ಮೂರು ಸುತ್ತು, ಮೇಲೆ ಇನ್ನೊಂದಿಷ್ಟು ಬೇಕಾಗುತ್ತದೆ.

ಇನ್ನೊಂದು ಸೊಗಸಿದೆ. ಒಂದೇ ಸುರುಳಿಯಲ್ಲಿ ಒಳ ಅಂಚು ಕಡಿದಾಗಿಯೂ ಹೊರ ಅಂಚು ಸಪಾಟಾಗಿಯೂ ಇರುತ್ತದೆ, ಏಕೆಂದರೆ ಅಷ್ಟೇ ಎತ್ತರವನ್ನು ಒಳಗಿನ ದಾರಿ ಕಡಿಮೆ ಉದ್ದದಲ್ಲಿ ಇಳಿಯಬೇಕು. ಮೇಲಿನ ಉದಾಹರಣೆಯಲ್ಲಿ ಕೇಂದ್ರದಿಂದ 0.6 ಮೀಟರ್ ದೂರದಲ್ಲಿ ಕೋನ 38 ಡಿಗ್ರಿಯ ಹತ್ತಿರಕ್ಕೆ ಬರುತ್ತದೆ. ತಳವನ್ನು ಒಳಮುಖವಾಗಿ ತುಸು ಓರೆ ಮಾಡಿದ್ದರೆ ನಿಧಾನವಾದ ಪೆಟ್ಟಿಗೆ ಒಳಗೆ ಸರಿದು ಕಡಿದಾದ ದಾರಿ ಹಿಡಿಯುತ್ತದೆ, ಅವಸರದ ಪೆಟ್ಟಿಗೆ ಹೊರಗೆ ಸರಿದು ಸಪಾಟಾದ ದಾರಿ ಹಿಡಿಯುತ್ತದೆ. ಮೋಟಾರು, ಸೆನ್ಸರು ಯಾವುದೂ ಇಲ್ಲದ ಒಂದು ಯಂತ್ರ ತನ್ನನ್ನು ತಾನೇ ಹದಕ್ಕೆ ತಂದುಕೊಳ್ಳುವುದನ್ನು ನೋಡುವುದೇ ನನಗೆ ಒಂದು ಸಂತೋಷ.

ಉಗ್ರಾಣಪಾಲಕ:

ಇಷ್ಟು ವಿವರವಾಗಿ ಬರೆದದ್ದಕ್ಕೆ ಕೃತಜ್ಞತೆಗಳು. ಒಂದು ಸಂದೇಹ ಮಾತ್ರ ಉಳಿದಿದೆ. 20 ಕಿಲೋ ಪೆಟ್ಟಿಗೆ 1 ಕಿಲೋ ಪೆಟ್ಟಿಗೆಗಿಂತ ಬಹಳ ಜೋರಾಗಿ ಇಳಿಯುವುದಿಲ್ಲವೇ? ಹಗುರವಾದದ್ದನ್ನು ಅದು ಹಿಂದಿನಿಂದ ಬಂದು ಜಜ್ಜಿಬಿಟ್ಟರೆ ಎಂಬುದೇ ಪ್ಯಾಕಿಂಗ್ ವಿಭಾಗದವರ ಭಯ.

ಲಂಬರೇಖೆ:

ತೂಕ ವೇಗವನ್ನು ನಿರ್ಧರಿಸುವುದಿಲ್ಲ. ಎಳೆಯುವ ಬಲವೂ ತಡೆಯುವ ಬಲವೂ ತೂಕಕ್ಕೆ ತಕ್ಕಂತೆ ಒಟ್ಟಿಗೆ ಏರುವುದರಿಂದ ಲೆಕ್ಕದಲ್ಲಿ ತೂಕ ಎರಡೂ ಕಡೆ ಹೊಡೆದುಹೋಗುತ್ತದೆ. ವ್ಯತ್ಯಾಸ ಮಾಡುವುದು ತಳದ ಮೇಲ್ಮೈ: ರಟ್ಟಿನ ನುಣುಪು, ಅಂಟುಪಟ್ಟಿ ತಳಕ್ಕೆ ಬಂದಿದೆಯೇ ಇಲ್ಲವೇ, ಪೆಟ್ಟಿಗೆ ಹೊಟ್ಟೆ ಬಿಟ್ಟಿದೆಯೇ ಎಂಬಂಥವು.

ಆದರೆ ಪ್ಯಾಕಿಂಗ್ ವಿಭಾಗದವರ ಭಯ ಬೇರೆ ಕಾರಣಕ್ಕೆ ಸರಿಯಾದದ್ದೇ. ವೇಗ ಒಂದೇ ಆಗಿದ್ದರೂ 20 ಕಿಲೋ ಪೆಟ್ಟಿಗೆಯಲ್ಲಿರುವ ಶಕ್ತಿ 1 ಕಿಲೋ ಪೆಟ್ಟಿಗೆಯದಕ್ಕಿಂತ 20 ಪಟ್ಟು ಹೆಚ್ಚು. ಕೆಳಗೆ ನಿಂತ ಹಗುರ ಪೆಟ್ಟಿಗೆಯ ಬೆನ್ನಿಗೆ ಅದು ಬಡಿದರೆ ಜಜ್ಜಿಹೋಗುವುದು ನಿಶ್ಚಯ. ಆದ್ದರಿಂದ ಕೊನೆಯ ಸುತ್ತಿನ ನಂತರ ಕೋನವನ್ನು ನಿಧಾನವಾಗಿ ಸಪಾಟಾಗಿಸಿ, ಅಲ್ಲಿಂದ ಉರುಳೆಗಳ ಹಾಸಿಗೆಗೋ ನಿಧಾನಗತಿಯ ಬೆಲ್ಟಿಗೋ ಒಪ್ಪಿಸಬೇಕು, ಬಂದ ಪೆಟ್ಟಿಗೆ ಬಾಯಲ್ಲೇ ನಿಲ್ಲದಂತೆ ಮುಂದಕ್ಕೆ ಒಯ್ಯಬೇಕು. ಕೆಳಗಿನ ಹಾಸಿಗೆ ತುಂಬಿದಾಗ ಮೇಲಿನ ಬಾಯಿ ಮುಚ್ಚಿಕೊಳ್ಳುವ ವ್ಯವಸ್ಥೆಯೂ ಬೇಕು. ಅದಿಲ್ಲದಿದ್ದರೆ ಸುರುಳಿಯೇ ಉಗ್ರಾಣವಾಗಿ, ಮೂರು ಸುತ್ತಿನ ಪೆಟ್ಟಿಗೆಗಳ ಭಾರವೆಲ್ಲ ತಳದ ಒಂದೇ ಪೆಟ್ಟಿಗೆಯ ಮೇಲೆ ಕೂರುತ್ತದೆ.

ಗಾರೆಕರಣೆ:

ನಾನು ಕಟ್ಟಡ ಕೆಡಹುವ, ನವೀಕರಿಸುವ ಕೆಲಸದವನು. ನಮ್ಮಲ್ಲಿ ಶೂಟ್ ಎಂದರೆ ತಳವಿಲ್ಲದ ಬಕೆಟ್ಟುಗಳನ್ನು ಒಂದರೊಳಗೊಂದು ತೂರಿಸಿ ಸರಪಳಿಯಲ್ಲಿ ನೇತುಹಾಕಿದ ಉದ್ದನೆಯ ಸೊಂಡಿಲು. ಇಟ್ಟಿಗೆಚೂರು, ಗಾರೆಯ ಹೆಂಟೆ ಅದರೊಳಗೆ ಇಳಿದು ಕೆಳಗಿನ ತೊಟ್ಟಿಗೆ ಬೀಳುತ್ತವೆ. ಅಮೆರಿಕದ ಕಟ್ಟಡ ಕೆಲಸದ ಸುರಕ್ಷತಾ ನಿಯಮಗಳ ಪ್ರಕಾರ ಹೊರಗೋಡೆಯಾಚೆ 20 ಅಡಿಗಿಂತ ಹೆಚ್ಚು ಎತ್ತರದಿಂದ ಏನನ್ನಾದರೂ ಕೆಡಹುವುದಾದರೆ ಮುಚ್ಚಿದ ಶೂಟ್ ಕಡ್ಡಾಯ. ಕೆಡಹುವ ಕೆಲಸದಲ್ಲಿ ಶೂಟಿನ ಕೋನ 45 ಡಿಗ್ರಿ ಮೀರಿದರೆ, ಸಾಮಾನು ಹಾಕುವ ಬಾಯಿಗಳನ್ನು ಬಿಟ್ಟು ಉಳಿದೆಲ್ಲವೂ ಮುಚ್ಚಿರಬೇಕು.

ಅನುಭವದ ಒಂದು ಮಾತು ಸೇರಿಸುತ್ತೇನೆ. ಶೂಟ್ ಕಟ್ಟಿಕೊಳ್ಳುವುದು ದೊಡ್ಡ ತುಂಡಿನಿಂದಲ್ಲ. ದೊಡ್ಡದು ಬಾಯಲ್ಲೇ ಸಿಕ್ಕಿ ಕಣ್ಣಿಗೆ ಕಾಣುತ್ತದೆ. ಉದ್ದನೆಯ, ಬಾಗುವ ವಸ್ತುವೇ ಅಪಾಯಕಾರಿ: ಹರಿದ ರಟ್ಟಿನ ಹಾಳೆ, ಮರದ ಪಟ್ಟಿ, ತಂತಿಯ ಸುರುಳಿ. ಅವು ಒಳಗೆ ಅಡ್ಡಲಾಗಿ ಸೆಟೆದು ಕಮಾನು ಕಟ್ಟುತ್ತವೆ, ಮೇಲಿಂದ ಬಿದ್ದದ್ದೆಲ್ಲ ಆ ಕಮಾನನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಆದ್ದರಿಂದ ಹರಕು ರಟ್ಟನ್ನು ಸರಕಿನ ದಾರಿಯಲ್ಲಿ ಬಿಡುವ ಆಸೆಯನ್ನು ದಯವಿಟ್ಟು ಕೈಬಿಡಿ. ಕಟ್ಟಿಕೊಂಡ ಶೂಟನ್ನು ಕೆಳಗಿನ ಬಾಯಿಂದ ತಲೆ ಹಾಕಿ ನೋಡುವ ಕೆಲಸವನ್ನಂತೂ ಯಾರಿಗೂ ಕೊಡಬೇಡಿ. ಕಮಾನು ಯಾವ ಗಳಿಗೆಯಲ್ಲಿ ಬಿಡುತ್ತದೆಂದು ಅದಕ್ಕೇ ಗೊತ್ತಿರುವುದಿಲ್ಲ.

ಹೊಗೆಯಜಾಡು:

ಇಷ್ಟು ಹೊತ್ತು ಎಲ್ಲರೂ ಕೆಳಗೆ ಹೋಗುವುದರ ಬಗ್ಗೆಯೇ ಮಾತನಾಡಿದ್ದೀರಿ. ನಾನು ಮೇಲಕ್ಕೆ ಬರುವುದರ ಬಗ್ಗೆ ಹೇಳಬೇಕಾಗಿದೆ.

ಮಹಡಿಗಳನ್ನು ಕೊರೆದು ಇಳಿಸಿದ ಯಾವುದೇ ಕೊಳವೆ ಬೆಂಕಿ ಬಿದ್ದ ದಿನ ಚಿಮಣಿಯಾಗುತ್ತದೆ. ಕಾದ ಗಾಳಿ ಹಗುರಾಗಿ ಏರುತ್ತದೆ, ಕೆಳಗಿನ ಬಾಯಿಂದ ಹೊಸ ಗಾಳಿ ನುಗ್ಗುತ್ತದೆ. ತಳದ ತೊಟ್ಟಿಯಲ್ಲಿ ಶುರುವಾದ ಬೆಂಕಿ ನಡುವಿನ ಮಹಡಿಗಳನ್ನು ಮುಟ್ಟದೆ ನೇರವಾಗಿ ಮೇಲಿನ ಮಹಡಿಯಲ್ಲಿ ತಲೆಯೆತ್ತಬಹುದು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಆಸ್ಪತ್ರೆಯಲ್ಲಿ 1961ರ ಡಿಸೆಂಬರ್ 8ರಂದು ನಡೆದದ್ದು ಅದೇ. ಕಸದ ಶೂಟಿನಲ್ಲಿ ಹೊತ್ತಿದ ಬೆಂಕಿ 9ನೆಯ ಮಹಡಿಯ ಶೂಟಿನ ಬಾಗಿಲನ್ನು ಒಡೆದುಕೊಂಡು ಹೊರಬಂದು, ಓಣಿಯ ಚಾವಣಿಗೆ ತಗುಲಿ ಹಬ್ಬಿತು, 16 ಮಂದಿ ಸತ್ತರು. ಅದೇ ಮಹಡಿಯಲ್ಲಿ ಕೋಣೆಯ ಬಾಗಿಲು ಮುಚ್ಚಿಕೊಂಡು ಒಳಗುಳಿದ ಹಲವರು ಬದುಕಿದರು.

ಕಸದ ಮತ್ತು ಬಟ್ಟೆಯ ಶೂಟುಗಳಿಗೆ ಇಂದು ಕೇಳುವ ವ್ಯವಸ್ಥೆಗಳನ್ನೆಲ್ಲ ಇಂಥ ಬೆಂಕಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕು. ಕೊಳವೆಯ ಸುತ್ತ ಬೆಂಕಿ ತಡೆಯುವ ಗೋಡೆ, ತಾನಾಗಿ ಮುಚ್ಚಿ ಚಿಲಕ ಬೀಳುವ ಬಾಗಿಲು, ಒಳಗೆ ಸ್ಪ್ರಿಂಕ್ಲರ್, ಚಾವಣಿಯ ಮೇಲೆ ಹೊಗೆ ಬಿಡುವ ಬಾಯಿ ಇವೆಲ್ಲ ಇರಬೇಕು. ತಳದ ಬಾಗಿಲನ್ನು ತೆರೆದಿಡುವ ಕೊಂಡಿಯಂತೂ ಸರಳ ಜಾಣ್ಮೆಯ ವಸ್ತು. ಅದರಲ್ಲಿರುವ ಬೆಸುಗೆಲೋಹ ಸಾಮಾನ್ಯವಾಗಿ 74 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗುತ್ತದೆ, ಕೊಂಡಿ ಬಿಡುತ್ತದೆ, ಬಾಗಿಲು ತನ್ನ ಭಾರಕ್ಕೆ ತಾನೇ ಬೀಳುತ್ತದೆ. ಅಲ್ಲಿಯೂ ಕೆಲಸ ಮಾಡುವುದು ಗುರುತ್ವವೇ ಎಂಬುದನ್ನು ನಿಮ್ಮ ಮಾಲೀಕರಿಗೆ ಹೇಳಬಹುದು.

ನಿಮ್ಮ ಸುರುಳಿಗೆ ಬರುವ ಕಷ್ಟ ಇನ್ನೂ ಸೂಕ್ಷ್ಮವಾದದ್ದು. ಪೆಟ್ಟಿಗೆ ಹಾಯುವ ದಾರಿಯಾದ್ದರಿಂದ ಪ್ರತಿ ಮಹಡಿಯ ತೂತಿನಲ್ಲೂ ಬೆಂಕಿತಡೆ ಶಟರ್ ತೆರೆದೇ ಇರುತ್ತದೆ. ಶಟರ್ ಬೀಳಬೇಕಾದ ಗಳಿಗೆಯಲ್ಲಿ ಕೆಳಗೊಂದು ಪೆಟ್ಟಿಗೆ ನಿಂತಿದ್ದರೆ ಶಟರ್ ಅದರ ಮೇಲೆ ಕೂತು ಅರ್ಧ ತೆರೆದುಕೊಂಡೇ ಉಳಿಯುತ್ತದೆ. ಆದ್ದರಿಂದ ಎಚ್ಚರಿಕೆಯ ಗಂಟೆ ಬಾರಿಸಿದ ಕೂಡಲೇ ಮೇಲಿನ ಪ್ರವೇಶ ನಿಲ್ಲಬೇಕು, ಕೆಳಗಿನ ಬೆಲ್ಟ್ ಓಡುತ್ತಲೇ ಇದ್ದು ದಾರಿ ಖಾಲಿಯಾಗಬೇಕು, ಅದಾದ ಮೇಲೆ ಶಟರ್ ಬೀಳಬೇಕು. ಸಾಧ್ಯವಿದ್ದರೆ ಸುರುಳಿಯನ್ನು ಪೂರ್ತಿ ಒಂದು ಬೆಂಕಿ ತಡೆಯುವ ಕೋಣೆಯೊಳಗೇ ಕಟ್ಟಿಸಿ. ಆಗ ಶಟರುಗಳು ಪೆಟ್ಟಿಗೆ ಒಳಹೋಗುವ, ಹೊರಬರುವ ಬಾಯಿಗಳಲ್ಲಿ ಮಾತ್ರ ಸಾಕಾಗುತ್ತವೆ.

ಬಿಳಿಹೊದಿಕೆ:

ಆಸ್ಪತ್ರೆಯ ಬಟ್ಟೆ ಶುಚಿ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವಳಾಗಿ ಒಂದು ಮಾತು ಸೇರಿಸುತ್ತೇನೆ. ಮೇಲಕ್ಕೆ ಬರುವುದು ಹೊಗೆ ಮಾತ್ರವಲ್ಲ, ಗಾಳಿಯೂ ಬರುತ್ತದೆ. ಬಿಗಿಯಾದ ಕೊಳವೆಯಲ್ಲಿ ಬೀಳುವ ಗಂಟು ಸೈಕಲ್ ಪಂಪಿನ ಕೊಂತದಂತೆ ತನ್ನ ಮುಂದಿನ ಗಾಳಿಯನ್ನು ನೂಕುತ್ತದೆ, ಆ ಗಾಳಿ ಕೆಳಗಿನ ಮಹಡಿಗಳ ಬಾಗಿಲ ಸಂದಿಯಿಂದ ಓಣಿಗೆ ನುಗ್ಗುತ್ತದೆ. ಗಂಟಿನಲ್ಲಿರುವುದು ರೋಗಿಗಳು ಹೊದ್ದ ಬಟ್ಟೆ ಎಂಬುದನ್ನು ನೆನೆದರೆ ಅಪಾಯ ತಿಳಿಯುತ್ತದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2003ರಲ್ಲಿ ಹೊರತಂದ ಮಾರ್ಗಸೂಚಿ ಬಿಡಿಬಟ್ಟೆಯನ್ನು ಶೂಟಿಗೆ ಹಾಕಬಾರದು, ಚೀಲದ ಬಾಯಿ ಕಟ್ಟಿಯೇ ಹಾಕಬೇಕು ಎನ್ನುತ್ತದೆ. ಕೊಳವೆಯೊಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಕಡಿಮೆ ಇಡಲು ಮೇಲೆ ಫ್ಯಾನ್ ಕೂರಿಸುವುದೂ ಇದೇ ಕಾರಣಕ್ಕೆ.

ನಾನು ಕೆಲಸ ಮಾಡಿದ ಒಂದು ಕಡೆ ಆ ಫ್ಯಾನ್ ಕೆಟ್ಟು ತಿಂಗಳುಗಟ್ಟಲೆ ನಿಂತಿತ್ತು. ಬಾಗಿಲು ತೆರೆದಾಗ ಮುಖಕ್ಕೆ ಗಾಳಿ ಹೊಡೆಯುತ್ತಿದ್ದರೂ ಅದು ದೂರು ಕೊಡಬೇಕಾದ ವಿಷಯವೆಂದು ನಮಗ್ಯಾರಿಗೂ ತೋಚಲಿಲ್ಲ. ಒಂದು ತೆಳು ಕಾಗದದ ಪಟ್ಟಿಯನ್ನು ಬಾಗಿಲ ಸಂದಿಗೆ ಹಿಡಿದರೆ ಅದು ಒಳಗೆ ಸೆಳೆದುಕೊಳ್ಳಬೇಕು. ಹೊರಗೆ ಹಾರಿದರೆ ಫ್ಯಾನ್ ನಿಂತಿದೆ ಎಂದರ್ಥ.

ಅಂಚೆಯಣ್ಣ:

ಇದೇ ಹೊಗೆಯ ಕಾರಣಕ್ಕೆ ಮರೆಯಾದ ಒಂದು ಶೂಟಿನ ನೆನಪು ಮಾಡುತ್ತೇನೆ. ಅಮೆರಿಕದ ರಾಚೆಸ್ಟರ್ ನಗರದ ವಾಸ್ತುಶಿಲ್ಪಿ ಜೇಮ್ಸ್ ಗೂಲ್ಡ್ ಕಟ್ಲರ್ 1883ರಲ್ಲಿ ಕಾಗದಪತ್ರ ಇಳಿಸುವ ಶೂಟಿಗೆ ಪೇಟೆಂಟ್ ಪಡೆದು, ಮರುವರ್ಷ ಅದೇ ಊರಿನ ಎಲ್ವುಡ್ ಕಟ್ಟಡದಲ್ಲಿ ಮೊದಲನೆಯದನ್ನು ಕೂರಿಸಿದರು. ಮೇಲಿನ ಯಾವ ಮಹಡಿಯಿಂದಲಾದರೂ ಸಂದಿಯಲ್ಲಿ ಪತ್ರ ತೂರಿಸಿದರೆ ಅದು ನೆಲಮಹಡಿಯ ಅಂಚೆಪೆಟ್ಟಿಗೆಗೆ ಬೀಳುತ್ತಿತ್ತು, ಪತ್ರಕ್ಕೆ ಪೆಟ್ಟಾಗದಂತೆ ತಳದಲ್ಲಿ ಮೆತ್ತೆ ಇರುತ್ತಿತ್ತು. ಗಮನಿಸಬೇಕಾದದ್ದು ಅದರ ಮುಂಭಾಗದ ಗಾಜು. ಪತ್ರ ಎಲ್ಲಿ ಸಿಕ್ಕಿಕೊಂಡಿದೆ ಎಂಬುದು ಓಣಿಯಲ್ಲಿ ನಿಂತವರಿಗೇ ಕಾಣುತ್ತಿತ್ತು. ದೊಡ್ಡ ಲಕೋಟೆಗಳು ಅಡ್ಡಬಿದ್ದು ಕಟ್ಟಿಕೊಳ್ಳುವ ಕಾಟವೂ, ಮಹಡಿಯಿಂದ ಮಹಡಿಗೆ ಹೊಗೆ ದಾಟುವ ಭಯವೂ ಅದರ ಕಾಲವನ್ನು ಮುಗಿಸಿದವು. ಅಲ್ಲಿನ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘ 1997ರಲ್ಲಿ ಹೊಸ ಕಟ್ಟಡಗಳಲ್ಲಿ ಅದನ್ನು ನಿಷೇಧಿಸಿತು. ಆದರೂ ಸಿಕ್ಕಿದ್ದನ್ನು ಕಾಣುವಂತೆ ಕಟ್ಟಬೇಕೆಂಬ ಕಟ್ಲರ್ ಅವರ ಬುದ್ಧಿ ಉಗ್ರಾಣದ ಸುರುಳಿಗೂ ಸಲ್ಲುತ್ತದೆ.

ಗಾರೆಕರಣೆ:

ಒಪ್ಪುತ್ತೇನೆ. ಪ್ರತಿ ಸುತ್ತಿನಲ್ಲೂ ಕೈ ಹಾಕಲು ಒಂದು ಕಿಂಡಿಯನ್ನೂ ಬಿಡಿಸಿ. ಕಂಡೂ ಎಟುಕದಿದ್ದರೆ ಕಂಡು ಏನು ಬಂತು?

ಉಗ್ರಾಣಪಾಲಕ:

ಎಲ್ಲರ ಮಾತನ್ನೂ ಓದಿದ ಮೇಲೆ ಕಾಗದದ ಲೆಕ್ಕಕ್ಕೆ ಮೊದಲು ನಮ್ಮದೇ ಪೆಟ್ಟಿಗೆಗಳನ್ನು ಅಳೆಯುವುದು ವಾಸಿ ಎನಿಸಿತು. ಎರಡು ಮೀಟರ್ ಉದ್ದದ ಒಂದು ಉಕ್ಕಿನ ತಗಡನ್ನು ಹಲಗೆಗೆ ಬಿಗಿದು, ಒಂದು ತುದಿಯನ್ನು ಜಾಕಿನಿಂದ ಎತ್ತುತ್ತ, ಪೆಟ್ಟಿಗೆ ಹೊರಡುವ ಕೋನವನ್ನು ಬರೆದುಕೊಂಡೆವು. ಒಣ ಪೆಟ್ಟಿಗೆಗಳು ಹೆಚ್ಚುಕಡಿಮೆ 19 ಡಿಗ್ರಿಯಲ್ಲಿ ಹೊರಟವು. ರಾತ್ರಿಯಿಡೀ ಒದ್ದೆ ಗಾಳಿಗೆ ಇಟ್ಟು, ತಳ ತುಸು ಮೆದುವಾದವು 26 ಡಿಗ್ರಿಯವರೆಗೆ ಅಲುಗಲಿಲ್ಲ. ಪ್ಲಾಸ್ಟಿಕ್ ಹಾಳೆ ಬಿಗಿದು ಸುತ್ತಿದ ಕಟ್ಟುಗಳು 31 ಡಿಗ್ರಿ ದಾಟಿದ ಮೇಲಷ್ಟೇ ಜಗ್ಗನೆ ಬಿಟ್ಟುಕೊಂಡವು. ತೂಕದಿಂದ ಕೋನ ಬದಲಾಗಲಿಲ್ಲವೆಂಬುದನ್ನು ಪ್ಯಾಕಿಂಗ್ ವಿಭಾಗದವರು ತಮ್ಮ ಕಣ್ಣಿನಿಂದಲೇ ನೋಡಿದರು.

ಆದ್ದರಿಂದ ಸುರುಳಿಯೆಂದು ತೀರ್ಮಾನಿಸಿದ್ದೇವೆ. ಪ್ಲಾಸ್ಟಿಕ್ ಸುತ್ತಿದ ಕಟ್ಟುಗಳೂ ಹರಕು ರಟ್ಟೂ ಲಿಫ್ಟಿನಲ್ಲೇ ಹೋಗುತ್ತವೆ. ಮೆಟ್ಟಿಲಿನ ಪಕ್ಕದಲ್ಲಿ ಬಳಸದೆ ಬಿಟ್ಟ ಒಂದು ಕೋಣೆ ಮೇಲಿಂದ ಕೆಳಗಿನವರೆಗೆ ಒಂದೇ ಸಾಲಿನಲ್ಲಿ ಇರುವುದರಿಂದ ಅದನ್ನೇ ಬೆಂಕಿತಡೆ ಕೋಣೆಯಾಗಿ ಮಾಡಬಹುದೇ ಎಂದು ಅಗ್ನಿಸುರಕ್ಷತೆಯ ಪರಿಣತರನ್ನು ಕೇಳಿದ್ದೇವೆ. 25 ಡಿಗ್ರಿ ಸಾಲದೆಂದು ತೋರುವುದರಿಂದ ಹೊರ ಅಂಚನ್ನು 28 ಡಿಗ್ರಿ ಮಾಡಿಸಿದರೆ ಹೇಗೆ?

ಲಂಬರೇಖೆ:

ಅವಸರಪಡಬೇಡಿ. ನೀವು ಅಳೆದದ್ದು ನಿಂತ ಪೆಟ್ಟಿಗೆ ಹೊರಡುವ ಕೋನ. ಹೊರಟ ಪೆಟ್ಟಿಗೆ ಜಾರುತ್ತಲೇ ಇರಲು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ ಕೋನ ಸಾಕು. ಪ್ಲಾಸ್ಟಿಕ್ ಕಟ್ಟು ಜಗ್ಗನೆ ಬಿಟ್ಟುಕೊಂಡಿತು ಎಂದಿರಲ್ಲ, ಅದು ಈ ವ್ಯತ್ಯಾಸವನ್ನೇ ತೋರಿಸುತ್ತದೆ. ಅದೇ ತಗಡಿನ ಮೇಲೆ ಪೆಟ್ಟಿಗೆಗೆ ಬೆರಳಿನಿಂದ ಸಣ್ಣ ನೂಕು ಕೊಟ್ಟು, ಅದು ನಿಲ್ಲದೆ ಒಂದೇ ವೇಗದಲ್ಲಿ ಸಾಗುವ ಕೋನವನ್ನು ಹುಡುಕಿ. ಒದ್ದೆ ಪೆಟ್ಟಿಗೆ 26ರ ಬದಲು 22 ಅಥವಾ 23ರಲ್ಲಿ ಸಾಗಿದರೆ 25 ಡಿಗ್ರಿಯ ಸುರುಳಿಯೇ ಸಾಕಾಗುತ್ತದೆ. ಮೇಲಿನ ಬಾಯಿಗೆ ಮಾತ್ರ ಸಣ್ಣ ಬೆಲ್ಟೊಂದನ್ನು ಕೂರಿಸಿ, ಪೆಟ್ಟಿಗೆಯನ್ನು ಚಲಿಸುತ್ತಿರುವಂತೆಯೇ ಸುರುಳಿಗೆ ಒಪ್ಪಿಸಬೇಕು.

ಸುಮ್ಮನೆ 28 ಮಾಡಿಸಿದರೆ ಒಣ ಪೆಟ್ಟಿಗೆಗಳು ಬೇಕಾದದ್ದಕ್ಕಿಂತ ಜೋರಾಗಿ ಇಳಿದು, ತಳದ ಬ್ರೇಕಿನ ಖರ್ಚು ಮತ್ತೆ ನಿಮ್ಮ ತಲೆಗೇ ಬರುತ್ತದೆ. ಇನ್ನೊಂದು ವಿಷಯವಿದೆ. ಹೊಸ ತಗಡು ಮೊದಲ ದಿನ ಒರಟಾಗಿದ್ದು, ಸಾವಿರಾರು ಪೆಟ್ಟಿಗೆಗಳು ಉಜ್ಜಿದ ಮೇಲೆ ನುಣುಪಾಗುತ್ತದೆ. ಹಾಗಾಗಿ ಅಳತೆಗೆ ಹೊಸ ತಗಡನ್ನು ಹಿಡಿಯದೆ, ಯಾವುದಾದರೂ ಹಳೆಯ ಜಾರಿನಿಂದ ಬಿಚ್ಚಿದ ತಗಡು ಸಿಕ್ಕಿದರೆ ಅದರ ಮೇಲೆಯೇ ಮಾಡಿ.

ಉಗ್ರಾಣಪಾಲಕ:

ಹಳೆಯ ತಗಡು ಸಿಕ್ಕಿದೆ. ನಾಳೆ ಮತ್ತೆ ಅಳೆದು ಕೋನಗಳನ್ನು ಇಲ್ಲಿಯೇ ಬರೆಯುತ್ತೇನೆ. ಅಲ್ಲಿಯವರೆಗೆ ನಕ್ಷೆಯಲ್ಲಿ ಹೊರ ಅಂಚಿನ ಕೋನದ ಜಾಗವನ್ನು ಖಾಲಿ ಬಿಡಲು ಹೇಳಿದ್ದೇನೆ.